ಸ್ಟ್ಯಾಂಡಿನ ಧ್ವನಿ, ಮನೆಯ ಧ್ವನಿ

ಕಂಪ್ಯೂಟರ್ ಸುಟ್ಟು ಹೋಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹೊಗೆ ಬಂದಿದ್ದರೆ, ವಾಸನೆ ಬಂದಿದ್ದರೆ, ಹೋಗಲಿ, ಟಪ್ ಅಂತ ಆರಿಹೋಗಿದ್ದರೂ ಎಚ್ಚರಾಗುತ್ತಿದ್ದೆ. ಅದು ಏನೂ ಮಾಡಲಿಲ್ಲ. ಅಷ್ಟೂ ದಿನ ನನ್ನೆದುರು ಹೊಸ ಸೊಸೆಯಂತೆ ತಲೆ ತಗ್ಗಿಸಿ ದುಡಿಯಿತು, ಹೇಳಿದ್ದಕ್ಕೆಲ್ಲ ಹ್ಞೂಂ ಅಂದಿತು. ಈಗಲೂ ಮೂಲೆಯಲ್ಲಿ ಗಟ್ಟಿಮುಟ್ಟಾಗಿದೆ. ನಿನ್ನೆ ಅದರ ಮೇಲೆಯೇ ಎರಡು ಮದುವೆ ಕಾರ್ಡು ಮಾಡಿ ಕೊಟ್ಟೆ. ಕಂಡಾಗಲೆಲ್ಲ ಒದೆಯಬೇಕು ಅನ್ನಿಸುತ್ತದೆ. ಒದೆಸಿಕೊಳ್ಳಬೇಕಾದವಳು ನಾನು ಅನ್ನುವುದೂ ಗೊತ್ತು.

ನಾನು ಆಮ್ರಪಾಲಿ. ಬಸವಕಲ್ಯಾಣದಲ್ಲಿ ನಮ್ಮ ಮನೆ. ಮುಂದಿನ ಖೋಲಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕಾರ್ಡು, ಬ್ಯಾನರು, ಹುಟ್ಟುಹಬ್ಬದ ಫೋಟೋ ಮಾಡಿಕೊಡುತ್ತೇನೆ. ಅಪ್ಪ ಮಚ್ಚೇಂದ್ರ ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಹದಿನಾಲ್ಕು ವರ್ಷ ಅಲ್ಲಿ ಕೂತು ಮೈಕಿನಲ್ಲಿ ಬಸ್ಸು ಕೂಗಿದವನು. "ಪ್ರಯಾಣಿಕರ ಗಮನಕ್ಕೆ. ನಿರ್ಣಾಕ್ಕೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ನಿಂತಿದೆ." ಆ ಧ್ವನಿ ಕೇಳಿದರೆ ಕಡಲೆಕಾಯಿ ತಿನ್ನುತ್ತ ಕೂತವರು ಕೂಡ ತಟ್ಟನೆ ಗಂಟು ಎತ್ತಿಕೊಂಡು ಏಳುತ್ತಿದ್ದರು.

ಮನೆಗೆ ಬಂದರೆ ಅದೇ ಗಂಟಲಿನಿಂದ ಬೇರೆಯೇ ಧ್ವನಿ. ಮೆತ್ತಗೆ, ಸ್ವಲ್ಪ ಮೂಗಿನಲ್ಲಿ, ಅರ್ಧ ಮಾತು ನುಂಗಿ ಆಡುವುದು. ಅವ್ವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ನಮ್ಮಲ್ಲಿ ಆ ರೂಢಿಯಿಲ್ಲ. "ಆಮೂನ ಅವ್ವಾ" ಅನ್ನುತ್ತಿದ್ದ. ಆ "ಅವ್ವಾ" ಎಷ್ಟು ಉದ್ದ ಎಳೆದ ಅನ್ನುವುದರ ಮೇಲೆಯೇ ಅವಳಿಗೆ ತಿಳಿಯುತ್ತಿತ್ತು: ಚಹಾ ಬೇಕೋ, ಸಿಟ್ಟು ಬಂದಿದೆಯೋ, ಇಲ್ಲಾ ಸುಮ್ಮನೆ ಹತ್ತಿರ ಬಂದು ಕೂಡು ಅನ್ನುತ್ತಿದ್ದಾನೋ.

ಏಪ್ರಿಲ್ ಕೊನೆಗೆ ಸೋಲಾಪುರದ ಡಾಕ್ಟರು ಅಪ್ಪನ ಗಂಟಲಲ್ಲಿ ಗಡ್ಡೆ ಇದೆ ಅಂದರು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಆಪರೇಷನ್‌ಗೆ ಹದಿನಾಲ್ಕು ದಿನ ಇತ್ತು. ಗಂಟಲಿಗೆ ಹಿಡಿದು ಮಾತಾಡುವ ಒಂದು ಯಂತ್ರ ಇದೆಯಂತೆ, ಅದು ಬಹಳ ತಿಂಗಳ ಮೇಲೆ, ಅದರಲ್ಲೂ ಎಲ್ಲರದೂ ಒಂದೇ ಧ್ವನಿಯಂತೆ. ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ಮುಖ ಮಾಡಿಕೊಂಡು ಒಂದೇ ಒಂದು ಮಾತು ಕೇಳಿದಳು.

"ಇನ್ನ ಮ್ಯಾಲ ಬರದು ತೋರಸ್ತೀರಿ. ನನಗ ಹ್ಯಾಂಗ ತಿಳೀತದ್ರಿ?"

ಅವ್ವ ದ್ರೌಪತಿಗೆ ಓದು ಬರುವುದಿಲ್ಲ. ಸಹಿ ಮಾಡುತ್ತಾಳೆ, ಅದೂ ರಂಗೋಲಿ ಹಾಕಿದ ಹಾಗೆ. ಮೂವತ್ತು ವರ್ಷ ಸಂಸಾರ ಮಾಡಿದ ಇಬ್ಬರ ನಡುವೆ ಇದ್ದದ್ದು ಬರೀ ಬಾಯಿಮಾತು. ಅದು ನಿಂತರೆ ಇವರು ಒಬ್ಬರಿಗೊಬ್ಬರು ಏನಾಗಬೇಕು? ನನಗೆ ತಡೆಯಲಾಗಲಿಲ್ಲ. "ಅವ್ವಾ, ನಾ ಅದೀನಲ್ಲ" ಅಂದುಬಿಟ್ಟೆ. ಅನ್ನುವಾಗ ಏನು ಧೈರ್ಯ ಅಂತೀರಿ!

ಒಬ್ಬರ ಮಾತನ್ನು ಗಂಟೆಗಟ್ಟಲೆ ಕೇಳಿಸಿದರೆ ಕಂಪ್ಯೂಟರ್ ಆ ಧ್ವನಿಯನ್ನು ಕಲಿಯುತ್ತದೆ. ಆಮೇಲೆ ಟೈಪ್ ಮಾಡಿದ್ದನ್ನೆಲ್ಲ ಅದೇ ಧ್ವನಿಯಲ್ಲಿ ಹೇಳುತ್ತದೆ. ಇಂಟರ್‌ನೆಟ್ಟಿನಲ್ಲಿ ಅದರ ಪ್ರೋಗ್ರಾಂ ಪುಕ್ಕಟೆ ಸಿಕ್ಕಿತು. ಅಪ್ಪ ಟೈಪ್ ಮಾಡುತ್ತಾನೆ, ಕಂಪ್ಯೂಟರ್ ಅಪ್ಪನ ಧ್ವನಿಯಲ್ಲಿ ಹೇಳುತ್ತದೆ, ಅವ್ವ ಕೇಳುತ್ತಾಳೆ. ಆದರೆ ಲೆಕ್ಕ ಹಾಕಿ ನೋಡಿದರೆ ನನ್ನ ಹಳೆಯ ಮಿಷಿನ್ ಮೊದಲ ಸುತ್ತು ಕಲಿಯಲಿಕ್ಕೇ ಎಂಟು ದಿನ ಬೇಡುತ್ತಿತ್ತು. ತಯಾರಿ, ರೆಕಾರ್ಡಿಂಗಿನ ದಿನ ಕಳೆದರೆ ಸೋಲಾಪುರಕ್ಕೆ ಹೊರಡುವ ಮೊದಲು ನನ್ನ ಕೈಯಲ್ಲಿ ಉಳಿಯುತ್ತಿದ್ದದ್ದು ಏಳು. ಅಪ್ಪನಿಗೆ ಬಾಯಿ ಇರುವಾಗಲೇ ಅವನು ಕೇಳಿ, ಹೌದು ಇದು ನನ್ನದೇ ಅನ್ನಬೇಕು, ಇಲ್ಲಾ ಇಂಥದ್ದು ತಪ್ಪಿದೆ ಅಂತ ಹೇಳಿ ಮತ್ತೆ ಆಡಿಕೊಡಬೇಕು ಅನ್ನುವುದು ನನ್ನ ಹಟ. ಅದಕ್ಕೆ ಒಂದು ದಿನ ಕಡಿಮೆ ಬಿದ್ದಿತ್ತು.

ಹುಮನಾಬಾದಿಗೆ ಹೋದೆ. ಅಲ್ಲಿ ಸ್ಟ್ಯಾಂಡಿನ ಎದುರಿಗೇ ಶಂಶುದ್ದೀನ್ ಕಾಕಾ ಇಪ್ಪತ್ತು ವರ್ಷಗಳಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ನನ್ನ ಮಿಷಿನ್ ಜೋಡಿಸಿಕೊಟ್ಟವನೂ ಅವನೇ. ಓವರ್‌ಕ್ಲಾಕ್ ಮಾಡಬೇಕು, ಅಂದರೆ ಪ್ರೊಸೆಸರನ್ನೂ ಮೆಮೊರಿಯನ್ನೂ ಕಂಪನಿ ಕಟ್ಟಿದ ವೇಗಕ್ಕಿಂತ ಜೋರು ಓಡಿಸಬೇಕು ಅಂದೆ.

"ಒಂದ್ ದಿನದ ಸಲುವಾಗಿ ಎತ್ತಿನ ಬಾಲ ತಿರುವ್ತೀಯೇನು ಬೇಟಿ?" ಅಂದ.

ಯಾಕೆ ಅಂತ ಹೇಳಿದೆ. ಅವನು ಸ್ಕ್ರೂ ಡ್ರೈವರ್ ಕೆಳಗಿಟ್ಟ. ದಿನಾ ಅಪ್ಪನ ಧ್ವನಿ ಕೇಳುತ್ತಲೇ ಅಂಗಡಿ ತೆಗೆದವನು.

"ಹಾಂಗಾದ್ರ ಕಿವಿ ಕೊಟ್ಟು ಕೇಳು. ಮೊದಲ ಪ್ರೊಸೆಸರ್ ಒಂದ ಏರಸು. ಒಂದ್ ಸಲಕ್ಕ ಒಂದ ಮೆಟ್ಟಲ. ತಾಸೊತ್ತು ಜೋರ್ ಕೆಲಸ ಹಚ್ಚಿ ಉಷ್ಣ ನೋಡು. ಎಂಬತ್ತೈದರ ಮ್ಯಾಲ ಹೋತಂದ್ರ ಹಿಂದಕ್ಕ ಬಾ. ವೋಲ್ಟೇಜಿಗೆ ಕೈ ಹಚ್ಚಬ್ಯಾಡ. ಅದು ಪಕ್ಕಾ ಆದ ಮ್ಯಾಲ ಮೆಮೊರಿ. ಎರಡೂ ಕೂಡೇ ಏರಿಸಿದ್ರ ಯಾವುದು ತಪ್ಪ್ಯದ ಅಂತ ನಮ್ಮಪ್ಪಗೂ ತಿಳಿಯಂಗಿಲ್ಲ."

"ಆಯ್ತು ಕಾಕಾ."

"ಇನ್ನೂ ಮುಗದಿಲ್ಲ, ಕೂಡು. ಪ್ರೊಸೆಸರ್ ತಪ್ಪಿದ್ರ ಮಿಷಿನ್ ಬಂದ್ ಬೀಳ್ತದ, ನಿನಗ ಗೊತ್ತಾಗ್ತದ. ಮೆಮೊರಿ ತಪ್ಪಿದ್ರ ಬಂದ್ ಬೀಳತದಂತ ಖಾತ್ರಿ ಇಲ್ಲ. ನಕ್ಕೋತ ಸುಳ್ಳ ಬರೀತದ. ಅದಕ್ಕ ಮೆಮೊರಿ ಪರೀಕ್ಷೆ ನಾಕೂ ಸುತ್ತು ಮುಗಿಯೂ ತನಕ, ಅದೂ ಮಧ್ಯಾಹ್ನದ ಬಿಸಲಿನ್ಯಾಗ ಮುಗಿಯೂ ತನಕ, ಜರೂರಿ ಫೈಲ್ ಒಂದೂ ಅದರಾಗ ಇಡಬ್ಯಾಡ. ಕಸಮ್?"

"ಕಸಮ್" ಅಂತ ಆಣೆ ಮಾಡಿದೆ.

ಪ್ರೊಸೆಸರ್ ವಿಷಯದಲ್ಲಿ ಅವನು ಹೇಳಿದ್ದನ್ನು ಅಕ್ಷರಶಃ ಮಾಡಿದೆ. ಒಂದೊಂದೇ ಮೆಟ್ಟಿಲು, ಪ್ರತಿಯೊಂದಕ್ಕೂ ಒಂದು ತಾಸು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಮನೆಯಲ್ಲಿದ್ದ ಒಂದೇ ಕೂಲರನ್ನು ದೂರದಿಂದ ಅದರ ಕಡೆ ತಿರುಗಿಸಿಟ್ಟೆ. ಎಪ್ಪತ್ತೆರಡು ಡಿಗ್ರಿ ದಾಟಲಿಲ್ಲ. ಮರುದಿನ ನಸುಕಿನಲ್ಲಿ ಮೆಮೊರಿ. ಡಬ್ಬಿಯ ಮೇಲೆ ವೇಗ ಮೂರು ಸಾವಿರದ ಇನ್ನೂರು ಅಂತ ಇದ್ದದ್ದನ್ನು ಮೂರು ಸಾವಿರದ ಆರುನೂರಕ್ಕೆ ಏರಿಸಿ ಪರೀಕ್ಷೆಗೆ ಹಚ್ಚಿದೆ. ಮೊದಲ ಸುತ್ತು, ತಪ್ಪು ಸೊನ್ನೆ. ಎರಡನೇ ಸುತ್ತು, ತಪ್ಪು ಸೊನ್ನೆ. ಕೂಲರ್ ತಣ್ಣಗೆ ಬೀಸುತ್ತಿತ್ತು, ನನ್ನ ಎದೆಯೂ ತಣ್ಣಗಾಯಿತು.

ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ಬಂದು ನಿಂತ. ಗಡ್ಡ ಹೆರೆದುಕೊಂಡಿದ್ದ. ರಜೆಯ ಮೇಲಿದ್ದವನು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿಕೊಂಡು, ಎದೆಗೆ ಹೆಸರಿನ ಪಟ್ಟಿಯನ್ನೂ ಸಿಕ್ಕಿಸಿಕೊಂಡಿದ್ದ.

"ಶುರು ಮಾಡೂಣೇನು ಆಮೂ?"

ಇನ್ನೂ ನಾಲ್ಕು ತಾಸು ನಿಲ್ಲು ಅಂತ ಆ ಅಂಗಿಗೆ ನಾನು ಹೇಗೆ ಹೇಳಲಿ? ಹೇಳಬೇಕಿತ್ತು. ಪರೀಕ್ಷೆ ನಿಲ್ಲಿಸಿದೆ. ಎರಡು ಸುತ್ತಿನಲ್ಲಿ ಬಾರದ ತಪ್ಪು ನಾಲ್ಕರಲ್ಲಿ ಎಲ್ಲಿಂದ ಬರುತ್ತದೆ ಅಂತ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಅಂದಿಲ್ಲ.

ಎರಡು ದಿನ ಅಪ್ಪ ವಾಕ್ಯಗಳ ಪಟ್ಟಿ ಓದಿದ. ಪ್ರೋಗ್ರಾಂ ಮಾಡಿದವರೇ ಕೊಟ್ಟ ಮುನ್ನೂರ ಹನ್ನೆರಡು ವಾಕ್ಯಗಳು, ಎಲ್ಲ ಪುಸ್ತಕದ ಕನ್ನಡ. "ಇಂದು ಹವಾಮಾನ ಹಿತಕರವಾಗಿದೆ." "ದಯವಿಟ್ಟು ಬಾಗಿಲನ್ನು ತೆರೆಯಿರಿ." ಕೂಲರ್, ಫ್ಯಾನು ಎರಡೂ ಬಂದ್. ಸದ್ದು ಸಿಕ್ಕಿಕೊಂಡರೆ ಧ್ವನಿ ಕೆಡುತ್ತದೆಯಲ್ಲ. ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಅದಕ್ಕಿಂತ ಕಡಿಮೆ ಏನಿರಲಿಲ್ಲ. ಅಪ್ಪನ ಬೆನ್ನಿಗೆ ಅಂಗಿ ಅಂಟಿತ್ತು. ಆದರೆ ಮೈಕು ಕಂಡರೆ ಸಾಕು, ಅವನ ಬೆನ್ನು ನೆಟ್ಟಗಾಗುತ್ತಿತ್ತು, ಧ್ವನಿ ಸ್ಟ್ಯಾಂಡಿಗೆ ಹೋಗಿಬಿಡುತ್ತಿತ್ತು. ಗಂಟಲು ಒರಟಾಗಿದ್ದರೂ ಮುನ್ನೂರ ಹನ್ನೆರಡನ್ನೂ ಬಸ್ಸು ಕೂಗಿದ ಹಾಗೆಯೇ ಕೂಗಿದ.

"ಅಪ್ಪಾ, ಮನ್ಯಾಗ ಮಾತಾಡಿದಾಂಗ ಮಾತಾಡು."

"ಹಾಂಗಽ ಮಾತಾಡಾಕತ್ತೇನಲ್ಲ!" ಅಂತ ಅದನ್ನೂ ಸ್ಟ್ಯಾಂಡಿನ ಧ್ವನಿಯಲ್ಲೇ ಅಂದ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಆ ಪಟ್ಟಿಯನ್ನು ಮೊದಲ ಸುತ್ತು ಅಂತ ಕಲಿಯಲು ಬಿಟ್ಟೆ. ಮನೆಯ ಧ್ವನಿಯನ್ನು ಎರಡನೇ ಸುತ್ತಿನಲ್ಲಿ ಕಲಿಸುವುದು ಅಂತ ನಿರ್ಧಾರ ಮಾಡಿದೆ. ಅದನ್ನು ಹಿಡಿಯಲು ಒಂದು ಉಪಾಯವೂ ಹೊಳೆಯಿತು. ಅವ್ವನನ್ನು ಜೋಳ ಹಸನು ಮಾಡಲು ಅಪ್ಪನ ಎದುರು ಕೂರಿಸಿ, ಮೊರದ ಪಕ್ಕ ನನ್ನ ಫೋನು ಇಟ್ಟು ಸುಮ್ಮನಾದೆ. ಹತ್ತು ನಿಮಿಷಕ್ಕೆ ಇಬ್ಬರೂ ಫೋನು ಮರೆತರು.

"ಈ ಚಾದಾಗ ಸಕ್ಕರಿ ಹಾಕೀಯೇನು?"

"ಹಾಕೀನ್ರಿ. ನಿಮ್ಮ ನಾಲಿಗಿಗೆ ಜಂಗ ಹಿಡದದ."

"ಗೋರ್ಟಾದಾಗ ನಿನ್ನ ತಮ್ಮನ ಮನ್ಯಾಗ ಕುಡದದ್ದು ಚಾ. ಇದು ಬರೇ ಬಿಸಿನೀರು."

"ಹಾಂಗಾದ್ರ ಅಲ್ಲೇ ಹೋಗಿ ಇರ್ರಿ. ನನಗೂ ಒಂದ ರೊಟ್ಟಿ ಉಳೀತದ."

ಐದು ಮಧ್ಯಾಹ್ನ ಹೀಗೆ ನಡೆಯಿತು. ಜಗಳ, ನಗು, ಹಳೇ ಮಾತು, ನನ್ನ ಮದುವೆ ವಿಷಯ, ಮುಡಬಿಯ ಬಸ್ಸಿನಲ್ಲಿ ಒಮ್ಮೆ ಬಿಟ್ಟುಬಂದ ಕೊಡೆಯ ವಿಷಯ. ನನ್ನ ಫೋನಿನಲ್ಲಿ ಜಾಗ ಕಡಿಮೆ. ದಿನಾ ಸಂಜೆ ಅಷ್ಟನ್ನೂ ಕಂಪ್ಯೂಟರಿಗೆ ಹಾಕಿ, ಅಲ್ಲೂ ಬ್ಯಾನರಿನ ಫೈಲುಗಳಿಂದ ಜಾಗ ಇಲ್ಲದ್ದಕ್ಕೆ, ಜಿಪ್ ಮಾಡಿ, ಅಂದರೆ ಒತ್ತಿ ಒಂದೇ ಗಂಟು ಕಟ್ಟಿ, ಬಿಡಿ ಫೈಲುಗಳನ್ನು ಎರಡೂ ಕಡೆ ಅಳಿಸುತ್ತಿದ್ದೆ. ಕೂಲರ್ ಇಲ್ಲದೆ ಆ ಹೊತ್ತಿಗೆ ಖೋಲಿ ಹಂಚಿನಂತೆ ಕಾದಿರುತ್ತಿತ್ತು, ಮಿಷಿನ್ ಮೊದಲ ಸುತ್ತು ಕಲಿಯುತ್ತ ಏದುಸಿರು ಬಿಡುತ್ತಿರುತ್ತಿತ್ತು. ಗಂಟು ಸರಿಯಾಗಿದೆಯೇ ಅಂತ ಪರೀಕ್ಷಿಸಲು ಅಲ್ಲೇ ಒಂದು ಬಟನ್ ಇತ್ತು. ಒತ್ತಿದರೆ ಎರಡು ನಿಮಿಷ. ಒಂದು ದಿನವೂ ಒತ್ತಲಿಲ್ಲ. ಪೆನ್‌ಡ್ರೈವಿನಲ್ಲಿ ಮಾತ್ರ ಒಂದು ಪ್ರತಿ ಇಟ್ಟೆ, ಅದೇನೋ ದೊಡ್ಡ ಜಾಣತನ ಅನ್ನುವಂತೆ.

ಐದನೇ ದಿನ ಅಪ್ಪ ನನ್ನ ಕೈಯಿಂದ ಫೋನು ಇಸಿದುಕೊಂಡ.

"ನೀ ಸ್ವಲ್ಪ ಹೊರಗ ಹೋಗು."

"ಯಾಕಪ್ಪಾ?"

"ಹೋಗ ಅಂದ್ರ ಹೋಗು. ನಿಮ್ಮವ್ವನ್ನೂ ಕರಕೊಂಡು ಹೋಗು."

ಹೊರಗೆ ನೀರಿನ ಟಾಕಿಯ ಕಟ್ಟೆಯ ಮೇಲೆ ನಾನು, ಅವ್ವ ಕೂತೆವು. ಒಳಗಿಂದ ಗೊಣಗು ಮಾತ್ರ ಕೇಳುತ್ತಿತ್ತು. ಬಾಗಿಲು ತೆಗೆದಾಗ ಅಪ್ಪನ ಕಣ್ಣು ಕೆಂಪಾಗಿತ್ತು. ಅವ್ವನಿಗೆ ಅಂದ, "ನಿನಗೊಂದು ಮಾತು ಅದರಾಗ ಇಟ್ಟೀನಿ. ಈಗ ಕೇಳಬ್ಯಾಡ. ನನ್ನ ಧ್ವನಿ ಹೋದ ಮ್ಯಾಲ ಕೇಳು."

"ಎದುರಿಗೇ ಇದ್ದೀನಲ್ರಿ, ಈಗಽ ಅನ್ರಿ."

"ಎದುರಿಗೆ ಅನ್ನಾಕ ಬರ್ತಿದ್ರ ಮೂವತ್ತು ವರ್ಷ ಯಾಕ ಬೇಕಾಗಿತ್ತು?"

ಅವ್ವ ನಾಚಿದಳು. ಐವತ್ತೆರಡು ವರ್ಷದ ನನ್ನ ಅವ್ವ ನಾಚಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನಾನು ಆ ಮಾತನ್ನು ಕೇಳಲಿಲ್ಲ. ಅದು ನನ್ನದಲ್ಲ ಅಂತ, ಕೇಳದೆಯೇ ಗಂಟು ಕಟ್ಟಿ ಫೋನಿನಿಂದ ಅಳಿಸಿದೆ.

ಮೊದಲ ಸುತ್ತು ನನ್ನ ಲೆಕ್ಕದಂತೆಯೇ ಏಳನೇ ದಿನಕ್ಕೆ ಮುಗಿಯಿತು. ಒಂದು ದಿನ ಉಳಿಸಿದ್ದೆ! ಸೋಲಾಪುರಕ್ಕೆ ಹೊರಡುವ ಹಿಂದಿನ ಸಂಜೆ ಅಪ್ಪನಿಗೆ ಕೇಳಿಸಿದೆ. ಕೇಳಿ ತಲೆಯಾಡಿಸಿದ. "ಸ್ಟ್ಯಾಂಡಿಂದು ಬರೋಬ್ಬರಿ ಬಂದದ. ಮನೀದು?" ಅಂದ. "ಅದು ಎರಡನೇ ಸುತ್ತಿನ್ಯಾಗ ಬರ್ತದಪ್ಪಾ. ಎಲ್ಲಾ ಕಟ್ಟಿ ಇಟ್ಟೀನಿ" ಅಂದೆ. ಅವನು ನನ್ನ ತಲೆ ಮುಟ್ಟಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೇ ದಿನ ಅವ್ವನನ್ನು ಅಲ್ಲೇ ಬಿಟ್ಟು ಬಟ್ಟೆ ತರಲು ಬಸವಕಲ್ಯಾಣಕ್ಕೆ ಬಂದವಳು, ಎರಡನೇ ಸುತ್ತು ಶುರು ಮಾಡಿಯೇ ಹೋಗೋಣ ಅಂತ ಕೂತೆ. ಮೊದಲ ಗಂಟು ಬಿಚ್ಚಿದೆ. ಒಂದಿಷ್ಟು ಬಂದು ನಿಂತಿತು. ಫೈಲು ಹಾಳಾಗಿದೆ, ಮುಂದೆ ತೆರೆಯಲಾಗದು ಅಂತ ಪರದೆಯ ಮೇಲೆ ಬಂತು. ಎರಡನೆಯದರಲ್ಲಿ ಅವ್ವನ ಅರ್ಧ ಮಾತು, ಅಪ್ಪನ ಒಂದು ಕೆಮ್ಮು, ಜೋಳ ಕೇರುವ ಸದ್ದು, ಅಷ್ಟೇ. ಮೂರು, ನಾಲ್ಕು ಬಿಚ್ಚಿಕೊಳ್ಳಲೇ ಇಲ್ಲ. ಅವ್ವನಿಗೆ ಅಂತ ಇಟ್ಟ ಮಾತಿದ್ದ ಐದನೆಯದನ್ನು ಎಷ್ಟು ಸಲ ಒತ್ತಿದೆನೋ, ನನಗೇ ಗೊತ್ತಿಲ್ಲ. ಪೆನ್‌ಡ್ರೈವ್ ಹಾಕಿದೆ. ಹಾಳಾದದ್ದರ ಪ್ರತಿ ಹಾಳಾದದ್ದೇ ಅಲ್ಲವೇ, ಮತ್ತೇನು ಇರುತ್ತದೆ ಅದರಲ್ಲಿ!

ಕ್ಯಾಬಿನೆಟ್ಟನ್ನು ಚಾದರಿನಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹುಮನಾಬಾದಿಗೆ ಹೋದೆ. ಸ್ಟ್ಯಾಂಡಿನಲ್ಲಿ ಇಳಿದಾಗ ಬೇರೆ ಯಾರೋ ಬಸ್ಸು ಕೂಗುತ್ತಿದ್ದರು. ಶಂಶುದ್ದೀನ್ ಕಾಕಾ ಬಿಸಿಲು ಬೀಳುವ ಕಡೆ ಮಿಷಿನ್ ಇಟ್ಟು ಮೆಮೊರಿ ಪರೀಕ್ಷೆಗೆ ಹಚ್ಚಿದ. ಅರ್ಧ ತಾಸಿಗೆ ಪರದೆಯ ಮೇಲೆ ತಪ್ಪಿನ ಕೆಂಪು ಸಾಲುಗಳು ಬರತೊಡಗಿದವು.

"ನಾಕು ಸುತ್ತು ಹಾಕಿದ್ದಿ?"

"ಎರಡು, ಕಾಕಾ."

"ಬಿಸಲಿನ್ಯಾಗ?"

"ಮುಂಜಾನಿ. ಕೂಲರ್ ಹಚ್ಚಿ."

"ರೆಕಾರ್ಡಿಂಗ್ ಮಾಡೂ ಮುಂದ ಕೂಲರ್?"

"ಬಂದ್ ಮಾಡಿದ್ದೆ."

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನನ್ನ ಫೋನು ತೆಗೆದುಕೊಂಡು ಎರಡು ತಾಸು ಹುಡುಕಿದ. ಅಳಿಸಿದ ಜಾಗದ ಮೇಲೆಲ್ಲ ಸೋಲಾಪುರದ ರಿಪೋರ್ಟುಗಳ ಫೋಟೋ ಕೂತಿದ್ದವು. ನಾನು ಬಿಸಿಲನ್ನು ಬೈದೆ, ಕೂಲರನ್ನು ಬೈದೆ, ಮೆಮೊರಿ ಮಾಡಿದವರ ವಂಶವನ್ನೇ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವನು ಒಂದು ಬಿರುಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ವೇಗವನ್ನು ಮೊದಲಿದ್ದಷ್ಟಕ್ಕೇ ಇಳಿಸಿ, ಚಾದರು ಅವನೇ ಕಟ್ಟಿಕೊಟ್ಟ.

ಅಪ್ಪ ಮನೆಗೆ ಬಂದ. ಕೊರಳಲ್ಲಿ ತೂತು, ಕೈಯಲ್ಲಿ ಆಸ್ಪತ್ರೆಯ ನರ್ಸ್ ಕೊಟ್ಟ ಸ್ಲೇಟು. ತುಟಿ ಆಡಿಸಿದರೆ ಅವ್ವನಿಗೆ ನೀರು, ಚಾ ತಿಳಿಯುತ್ತಿತ್ತು. ಅದಕ್ಕಿಂತ ಉದ್ದದ್ದು ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನ ಮಾತು ಬಂದಾಗಲೆಲ್ಲ ನಾಲ್ಕು ದಿನ ಏನೇನೋ ನೆಪ ಹೇಳಿ ನೂಕಿದೆ. ಐದನೇ ದಿನ ಅಪ್ಪ ತಾನೇ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಿಂದ ಟೈಪ್ ಮಾಡಿ ಬಟನ್ ಒತ್ತಿದ.

"ಆಮೂನ ಅವ್ವಾ. ಹತ್ತಿರ ಬಂದು ಕೂಡು."

ಸ್ಟ್ಯಾಂಡಿನ ಧ್ವನಿ. ಕಂಚಿನಂಥದು, ಪ್ರತಿ ಅಕ್ಷರ ಬಿಡಿಬಿಡಿ. ಅಡುಗೆಮನೆಯಿಂದ ಬಂದ ಅವ್ವ ಗಕ್ಕನೆ ನಿಂತಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಪರಗಂಡಸಿಗೆ ಅಂದಂತೆ, "ಹೌದ್ರಿ" ಅಂದಳು. ಕೂಡಲಿಲ್ಲ. ಅಪ್ಪ ಸ್ಪೀಕರಿನ ವಯರು ಕಿತ್ತ.

"ಇದು ಸ್ಟ್ಯಾಂಡಿಂದು ಆಮೂ" ಅಂದಳು ಅವ್ವ ನನ್ನ ಕಡೆ ತಿರುಗಿ. "ಮನೀದು ಎಂದ ಬರ್ತದ? ನನಗೊಂದು ಮಾತು ಇಟ್ಟೀನಿ ಅಂದಿದ್ರಲ್ಲ."

"ಬರೂದಿಲ್ಲ ಅವ್ವಾ. ಎಲ್ಲಾ ಹಾಳಾಗ್ಯದ. ನಾನೇ ಹಾಳು ಮಾಡೀನಿ."

"ನೀನು?"

"ಮಿಷಿನ್ ಜೋರ್ ಓಡಸಾಕ ಹೋದೆ. ಒಂದ್ ದಿನ ಉಳೀತದಂತ."

ಅವ್ವ ನನ್ನ ಮುಂದೆ ಅಂಗೈ ಚಾಚಿದಳು. "ಉಳಸಿದ ದಿನ ಎಲ್ಲದ? ಕೊಡು."

ನಾನು ಅತ್ತುಬಿಟ್ಟೆ. ಅಪ್ಪ ಸ್ಲೇಟು ಎಳೆದುಕೊಂಡು ಸರಸರ ಗೀಚಿ ನನ್ನ ಮುಂದೆ ಹಿಡಿದ.

"ಏನು ಬರದಾರ?" ಅವ್ವ ಕೇಳಿದಳು.

ಓದಿದೆ. "ಅವಳಿಗೆ ಬೈಬ್ಯಾಡ ಅಂತ ಬರದಾನ."

"ನಿನ್ನ ಸಲುವಾಗಿ ಬರದದ್ದು ನೀನೇ ಓದಾಕತ್ತಿ. ನಾ ಹ್ಯಾಂಗ ನಂಬಲಿ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅಪ್ಪ ಅವಸರದಿಂದ ಹೌದು ಹೌದು ಅಂತ ತಲೆಯಾಡಿಸಿದ. ಅವ್ವ ಅದನ್ನು ನೋಡಿದಳು, ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪನ ಎದುರು ನೆಲದ ಮೇಲೆ ಕೂತು, "ಆ ಮಾತು ಬರೀರಿ" ಅಂದಳು.

ಅಪ್ಪ ಬಳಪ ಹಿಡಿದ. ಸ್ಲೇಟು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಕೈ ಏಳಲಿಲ್ಲ. ನನಗೆ ತಿಳಿಯಿತು. ಅವತ್ತಿನ ಹಾಗೆಯೇ ಎದ್ದು ಹೊರಗೆ ಹೋಗಿ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತೆ. ನಾನು ಹೊರಗೆ ಕೂತರೆ ಒಳಗೆ ಓದಿ ಹೇಳುವವರು ಯಾರೂ ಇಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು. ಒಳಗೆ ಬಳಪದ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅವ್ವ ಕರೆದಾಗ ಹೋದೆ. ಸ್ಲೇಟನ್ನು ಎದೆಯಿಂದ ಒಂದು ಗೇಣು ದೂರ, ಅಕ್ಷರ ತನ್ನ ಕಡೆ ಮಾಡಿ ಹಿಡಿದುಕೊಂಡಿದ್ದಳು, ಸೀರೆಗೆ ತಾಗಿ ಒರೆಸಿಹೋಗಬಾರದು ಅಂತ. ಅಪ್ಪ ಗೋಡೆಯ ಕಡೆ ಮುಖ ಮಾಡಿದ್ದ.

"ಓದಲೇನವ್ವಾ?"

"ಬ್ಯಾಡ."

"ಬಾಜೂ ಮನಿ ಸುಮೇಧಾ ಟೀಚರ್‌ನ ಕರೀಲಾ? ಆಕೀಗೆ ಓದ ಅಂದ್ರ..."

"ಯಾರೂ ಬ್ಯಾಡ. ಅವರು ನನ್ನ ಕೂಡ ಆಡಿದ ಮಾತದು. ಇನ್ನೊಬ್ಬರ ಬಾಯಾಗ ಬರೂದು ಬ್ಯಾಡ."

ಸ್ಲೇಟನ್ನು ಬುದ್ಧನ ಫೋಟೋದ ಹಿಂದೆ, ಅಕ್ಷರ ಗೋಡೆಯ ಕಡೆ ಮಾಡಿ, ತಾಗದಂತೆ ನಿಲ್ಲಿಸಿದಳು. ಧೂಳು ಹೊಡೆಯುವಾಗಲೂ ಅಲ್ಲಿಗೆ ಕೈ ಹಾಕಬಾರದು ಅಂತ ನನಗೆ ತಾಕೀತು ಮಾಡಿದಳು. ನಾನು ಇವತ್ತಿನವರೆಗೂ ಹಾಕಿಲ್ಲ.

ಮರುದಿನ ಇನ್ನೊಂದು ಸ್ಲೇಟು ಕೊಂಡು ತಂದೆ. ಗುಳಿಗೆ, ಗಂಜಿ, ಫ್ಯಾನು ಹಚ್ಚು, ಎಲ್ಲ ಈಗ ಅದರ ಮೇಲೆ. ಅಪ್ಪ ಬರೆಯುತ್ತಾನೆ, ನಾನು ಓದಿ ಹೇಳುತ್ತೇನೆ. ಅವ್ವ ಪ್ರತಿ ಸಲವೂ ಅಪ್ಪನ ಮುಖ ನೋಡಿ, ಅವನು ತಲೆಯಾಡಿಸಿದ ಮೇಲೆಯೇ ಏಳುತ್ತಾಳೆ.